ರಂಗೋಲಿಯ ಪಕ್ಕದ ಎಣ್ಣೆ ಕಲೆ



ಈ ಸಲದ ಸಂಚಿಕೆಯ ಯುವ ವಿಭಾಗಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಫೋನು ಮಾಡಿದಾಗ, "ಎಣ್ಣೆಯ ಬಗ್ಗೆ ಬರೆಯಲೇ?" ಎಂದು ಕೇಳಿದೆ. "ಧಾರಾಳವಾಗಿ ಬರೆಯಿರಿ, ಅಡುಗೆ ಪುಟಕ್ಕೂ ಏನೂ ಬಂದಿಲ್ಲ" ಎಂದರು. ಪಾಪ, ನಾನು ಹೇಳಿದ್ದು ಒಗ್ಗರಣೆಯ ಎಣ್ಣೆಯಲ್ಲ, ಇಂಜಿನ್ ಆಯಿಲ್ ಎಂದು ಅವರಿಗೆ ಈ ಹಾಳೆಗಳು ಕೈಗೆ ಬಂದ ಮೇಲೆಯೇ ಗೊತ್ತಾಗುವುದು.

ನಗಬೇಡಿ. ಮೂವತ್ತು ವರ್ಷದಿಂದ ಚೆನ್ನೈಯಲ್ಲಿ ಸಂಸಾರ ಮಾಡಿಕೊಂಡಿರುವವಳು ನಾನು. ಶಿವಮೊಗ್ಗದಲ್ಲಿ ಇಂಗ್ಲಿಷ್ ಬಿ.ಎ. ಮಾಡಿದ್ದು ನಿಜ; ಆದರೆ ಆ ಇಂಗ್ಲಿಷು ಮಕ್ಕಳ ಹೋಂವರ್ಕಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಇಂಥವಳಿಗೆ ಟರ್ಬೊ ಕಾರಿನ ಎಣ್ಣೆಯ ಉಸಾಬರಿ ಏಕೆ ಎಂದು ನೀವು ಕೇಳಿದರೆ ತಪ್ಪಲ್ಲ. ಕಳೆದ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ನಿಂತಿದ್ದ ನಿಮ್ಮ ಕಾರುಗಳನ್ನು ನೋಡಿದೆ. ಅರ್ಧಕ್ಕರ್ಧ ಟರ್ಬೊಗಳೇ. ಪುಳಿಯೋಗರೆ ತಿನ್ನುತ್ತಾ ಇಬ್ಬರು ಹುಡುಗರು, "ಆಂಟಿ, ನಾವೂ ಟ್ರ್ಯಾಕ್ ಡೇಗೆ ಹೋಗ್ತಾ ಇದ್ದೀವಿ" ಎಂದು ಹಿಗ್ಗಿನಿಂದ ಹೇಳಿದರು. ಹೋಗುವ ಮೊದಲು ಇದನ್ನು ಓದಿ. ಕನ್ನಡ ಓದಲು ತಡವರಿಸುವವರು ಅಮ್ಮನಿಂದ ಓದಿಸಿಕೊಳ್ಳಿ. ಅಮ್ಮನಿಗೂ ಗೊತ್ತಿರಬೇಕಾದ ವಿಷಯ ಇದರಲ್ಲಿದೆ.

ನನ್ನ ಮಗಳು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ತನ್ನದೇ ದುಡ್ಡಿನಲ್ಲಿ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು ಕೊಂಡಳು. ಆರು ತಿಂಗಳಿಗೆಲ್ಲ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ಹುಚ್ಚು ಹತ್ತಿತು. ಗೊತ್ತಿಲ್ಲದ ಹಿರಿಯರಿಗಾಗಿ ಹೇಳುತ್ತೇನೆ: ಟ್ರ್ಯಾಕ್ ಡೇ ಎಂದರೆ ರೇಸಲ್ಲ, ಬಹುಮಾನವಿಲ್ಲ. ದುಡ್ಡು ಕಟ್ಟಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನು ರೇಸಿನ ದಾರಿಯ ಮೇಲೆ ಹದಿನೈದೋ ಇಪ್ಪತ್ತೋ ನಿಮಿಷದ ಸರದಿಗಳಲ್ಲಿ ಮನಸಾರೆ ಓಡಿಸುವುದು. ಬೀದಿಯಲ್ಲಿ ಹಾಗೆ ಓಡಿಸಿ ಯಾರದೋ ಮಗುವಿನ ಮೇಲೆ ಹತ್ತಿಸುವುದಕ್ಕಿಂತ ಇದು ನೂರು ಪಾಲು ಮೇಲು. ನಮ್ಮ ಮನೆಯವರು 80ರ ದಶಕದಲ್ಲಿ ಮದ್ರಾಸಿಗೆ ಬಂದ ಹೊಸತರಲ್ಲಿ ಶೋಳಾವರಂನ ಹಳೆಯ ವಿಮಾನದ ರನ್‌ವೇ ಮೇಲೆ ನಡೆಯುತ್ತಿದ್ದ ರೇಸುಗಳನ್ನು ಬಿಸಿಲಿನಲ್ಲಿ ನಿಂತು ನೋಡಿದವರು. "ಹೋಗಲಿ ಬಿಡು" ಎಂದುಬಿಟ್ಟರು. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಎಂದ ನೆಂಟರೂ ಇದ್ದರು. ಆ ಮಾತು ಇಲ್ಲಿ ಬೇಡ.

2023ರ ಜನವರಿ. ಸಂಕ್ರಾಂತಿಯ ವಾರ. ನಮ್ಮದು ಮೊದಲ ಮಹಡಿಯ ಮನೆ. ರಂಗೋಲಿ ಹಾಕುವುದು ಕೆಳಗೆ ಮೆಟ್ಟಿಲಿನ ಬುಡದಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕ. ಒಂದು ಬೆಳಿಗ್ಗೆ ನೋಡುತ್ತೇನೆ, ರಂಗೋಲಿ ಹಾಕುವ ಜಾಗಕ್ಕೆ ತಾಗಿದಂತೆ ನೆಲದ ಮೇಲೆ ನಾಣ್ಯದಷ್ಟಗಲದ ಎರಡು ಕಪ್ಪು ಕಲೆ. ಬೆರಳಿಗೆ ಜಿಡ್ಡು. ಎದುರು ಮನೆಯವರ ಹಳೆಯ ಸ್ಕೂಟರಿನದೇ ಇರಬೇಕೆಂದು ಮನಸ್ಸಿನಲ್ಲೇ ಬೈದುಕೊಂಡು, ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತೊಳೆದೆ. ಮರುದಿನ ಮತ್ತೆ ಇತ್ತು. ಮತ್ತೆ ತೊಳೆದೆ. ಹೀಗೆ ನಾಲ್ಕು ದಿನ. ವಾಚ್‌ಮನ್ನನಿಗೆ ದಬಾಯಿಸಿದ್ದೂ ಆಯಿತು. ಮಗಳಿಗೆ ಮಾತ್ರ ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದು ತೋಚಲೇ ಇಲ್ಲ. ನೆಲ ಕೊಳೆಯಾದರೆ ತೊಳೆಯುವುದು, ಅಷ್ಟೇ ನನಗೆ ಗೊತ್ತಿದ್ದದ್ದು.

ಅದೇ ಭಾನುವಾರ ಟ್ರ್ಯಾಕ್ ಡೇ. ಮೂರನೆಯ ಸರದಿಯಲ್ಲಿ, ಉದ್ದನೆಯ ಒಂದು ತಿರುವಿನಲ್ಲಿ ಅವಳ ಕಾರಿನ ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಮಿಣುಕಿ ಆರಿತಂತೆ. ಹಳೆಯ ಕಾಲದ ಎಣ್ಣೆ ಗಿಂಡಿಯ ಚಿತ್ರವಿರುತ್ತದಲ್ಲ, ಆ ದೀಪ. ನೇರ ದಾರಿಗೆ ಬಂದಾಗ ಇಲ್ಲ. ಮುಂದಿನ ಸುತ್ತಿನಲ್ಲಿ ಅದೇ ತಿರುವಿನಲ್ಲಿ ಮತ್ತೆ ಮಿಣುಕಿತು. ಸೆನ್ಸರಿನ ತೊಂದರೆಯಿರಬೇಕು ಎಂದುಕೊಂಡು ಉಳಿದ ಎರಡು ಸುತ್ತು ಮುಗಿಸಿ, ಬಂದು ನಿಲ್ಲಿಸಿ, ತಕ್ಷಣ ಕೀಲಿ ತಿರುಗಿಸಿ ಇಂಜಿನ್ ಆರಿಸಿ, ಸ್ನೇಹಿತರ ಜೊತೆ ಟೀ ಕುಡಿಯಲು ಹೋದಳು. ಸಂಜೆ ಹೈವೇಯಲ್ಲಿ ಪೂನಮಲ್ಲಿಗೆ ಇನ್ನೂ ಸ್ವಲ್ಪ ದೂರವಿರುವಾಗ ಇಂಜಿನ್ನಿನಿಂದ ಟಕ ಟಕ ಸದ್ದು, ಹಿಂದೆ ನೀಲಿ ಹೊಗೆ. ಕಾರು ಮನೆಗೆ ಬರಲಿಲ್ಲ, ವರ್ಕ್‌ಶಾಪಿಗೆ ಲಾರಿಯ ಮೇಲೆ ಹೋಯಿತು.

ಮೂರು ದಿನದ ಮೇಲೆ ನಾವು ಮೂವರೂ ಹೋದೆವು. ವಯಸ್ಸಾದ ಮೆಕ್ಯಾನಿಕ್ಕು ಒಂದು ಟ್ರೇಯಲ್ಲಿ ಬಳೆಯ ಚೂರಿನಂಥ ಬಾಗಿದ ಬೇರಿಂಗ್ ತುಂಡುಗಳನ್ನು ತಂದು ತೋರಿಸಿದರು. ಕನ್ನಡಿಯ ಹಾಗೆ ನುಣ್ಣಗಿರಬೇಕಾದದ್ದು ತುರಿಮಣೆಯಲ್ಲಿ ತುರಿದ ಹಾಗಿತ್ತು. ಟರ್ಬೊದ ಅಚ್ಚು ಬೆರಳಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ನಾಲ್ಕು ಲೀಟರು ಎಣ್ಣೆಯಿರಬೇಕಾದ ಕಡೆ ಎರಡೂವರೆಯೂ ಇರಲಿಲ್ಲವಂತೆ. ಹಿಂದಿನ ತಿಂಗಳು ಬೇರೊಂದು ಕಡೆ ಎಣ್ಣೆ ಬದಲಿಸಿದಾಗ, ಕೆಳಗಿನ ತಿರುಪಿನ ಹಳೆಯ ವಾಷರನ್ನೇ ಮತ್ತೆ ಹಾಕಿದ್ದರು. ಆರೇಳು ರೂಪಾಯಿಯ ವಾಷರು. ಆಮೇಲೆ ಅವರು ನನ್ನ ಕಡೆ ತಿರುಗಿ ತಮಿಳಿನಲ್ಲಿ, "ಏನಮ್ಮಾ, ವಂಡಿ ನಿಲ್ಲಿಸುವ ಕಡೆ ನೆಲದ ಮೇಲೆ ಕಲೆ ಬೀಳಲಿಲ್ಲವಾ?" ಎಂದು ಕೇಳಿದರು.

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಬಿಲ್ಲು 1,68,000 ರೂಪಾಯಿ. ವಿಮೆಯವರು ಕೈಯಾಡಿಸಿಬಿಟ್ಟರು. ನಿಮ್ಮ ಪಾಲಿಸಿಯನ್ನು ತೆಗೆದು ಓದಿ ನೋಡಿ. ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ ಇವನ್ನೆಲ್ಲ ಹೊರಗಿಟ್ಟಿರುತ್ತಾರೆ. ಅವಳು ಎರಡು ವರ್ಷ ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋಯಿತು. ಆ ರಾತ್ರಿ ತಟ್ಟೆಯ ಮುಂದೆ ಕೂತಾಗ ಕಲೆಯ ವಿಷಯ ಹೇಳಿದೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ, "ಅಮ್ಮ, ನಾನೂ ದೀಪ ನೋಡಿದ್ದೆ" ಎಂದಳು. ಅಲ್ಲಿಯವರೆಗೆ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಇನ್ನೊಂದು ಮಾತೂ ಹೊರಬಂತು. ಅವಳ ಸರದಿಯ ನಂತರದ ಸರದಿಯಲ್ಲಿ ಒಬ್ಬ ಹುಡುಗನ ಕಾರು ಅದೇ ತಿರುವಿನಲ್ಲಿ ಗಿರ್ರನೆ ತಿರುಗಿ ಮಣ್ಣಿಗಿಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಲ್ಲಿ ನಿಂತಿದ್ದ ಮಾರ್ಷಲ್ ಹಳದಿ ಕೆಂಪು ಪಟ್ಟಿಯ ಬಾವುಟ ತೋರಿಸುತ್ತಿದ್ದ. ದಾರಿ ಜಾರುತ್ತಿದೆ, ಜೋಪಾನ ಎಂದು ಅದರ ಅರ್ಥ. ಅದು ತನ್ನ ಎಣ್ಣೆಯೇ ಇರಬಹುದೆಂಬ ಕೊರಗು ಅವಳಿಗೆ ಇವತ್ತಿಗೂ ಇದೆ. ದುಡ್ಡಿನದಕ್ಕಿಂತ ಅದೇ ದೊಡ್ಡದು.

ಮರುದಿನ ನಾನು ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ತೆಗೆದು ಕೂತೆ. ಷೇಕ್ಸ್‌ಪಿಯರ್, ಹಾರ್ಡಿ ಓದಿದ ಬಿ.ಎ.ಗೆ ಮೂವತ್ತು ವರ್ಷದ ಮೇಲೆ ಕೆಲಸ ಸಿಕ್ಕಿತು! ನಿಜ ಹೇಳುತ್ತೇನೆ, ಆ ಪುಸ್ತಕವನ್ನು ಕೊಂಡವರು ಯಾರೂ ಓದಿರುವುದಿಲ್ಲ. ನಮ್ಮ ಮನೆಯಲ್ಲಿ ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಓದಿದ್ದು ಅರ್ಥವಾಗದಾಗ ಆ ಮೆಕ್ಯಾನಿಕ್ಕನ್ನು ಕೇಳಿದೆ. ಅವರು ಬೇಸರವಿಲ್ಲದೆ ಹೇಳಿಕೊಟ್ಟರು. ಅದನ್ನು ನನಗೆ ತಿಳಿಯುವ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ಇಂಜಿನ್ನು ಉಗುಳುವ ಬಿಸಿ ಹೊಗೆ ಸುಮ್ಮನೆ ಹೊರಗೆ ಹೋಗದಂತೆ ಅದರ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟು ತಿರುಗಿಸುತ್ತಾರೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು ಉರಿಸಬಹುದು, ಸಣ್ಣ ಇಂಜಿನ್ನಿಗೂ ದೊಡ್ಡ ಶಕ್ತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲೇ ಪೇಟೆಂಟು ಪಡೆದ ಯುಕ್ತಿ ಇದು. ಈಗಿನ ಸಣ್ಣ ಕಾರುಗಳಲ್ಲಿ ಆ ಅಚ್ಚು ನಿಮಿಷಕ್ಕೆ 1,50,000ದಿಂದ 2,00,000 ಸುತ್ತು ತಿರುಗುವುದುಂಟು. ಅದನ್ನು ತಾಗುವ ಹೊಗೆಯ ಬಿಸಿ ಪೂರ್ತಿ ವೇಗದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಷ್ಟೆಲ್ಲ ನಡೆಯುವಾಗ ಆ ಅಚ್ಚನ್ನು ಹಿಡಿದಿಟ್ಟಿರುವುದು ಏನು ಗೊತ್ತೇ? ಕೂದಲಿಗಿಂತ ತೆಳುವಾದ ಒಂದು ಎಣ್ಣೆಯ ಪದರ. ಅಚ್ಚು ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ನುಣುಪು ಕೊಡುವುದೂ ಆ ಎಣ್ಣೆಯೇ, ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದೂ ಅದೇ.

ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನಮ್ಮಜ್ಜನ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಒಣಗಿದರೆ ಗಾಡಿ ಕಿರ್ರೋ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಇಳಿದು ಎಣ್ಣೆ ಹಾಕಿದರಾಯಿತು. ಟರ್ಬೊ ಅಷ್ಟು ಹೊತ್ತು ಕಾಯುವುದಿಲ್ಲ. ಅಂದಹಾಗೆ, ಮೊದಮೊದಲ ರೇಸಿನ ಇಂಜಿನ್ನುಗಳಿಗೆ ಹಾಕುತ್ತಿದ್ದದ್ದೂ ನಿಮ್ಮಜ್ಜಿ ನಿಮ್ಮ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯೇ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಕ್ಯಾಸ್ಟರ್ ಆಯಿಲಿನಿಂದ.

ಇನ್ನು ಆ ದೀಪ ತಿರುವಿನಲ್ಲಿ ಮಾತ್ರ ಏಕೆ ಹತ್ತಿತು? ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ಸಂಪ್ ಎನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಸಂಪು ಹೇಗೋ ಹಾಗೆ. 2019ರ ಬೇಸಿಗೆಯಲ್ಲಿ ಚೆನ್ನೈಯ ಕೆರೆಗಳೆಲ್ಲ ಬತ್ತಿದಾಗ ನಮ್ಮ ಸಂಪಿನಲ್ಲಿ ನೀರು ತಳ ಸೇರಿ, ಮೋಟಾರು ನೀರಿನ ಬದಲು ಗಾಳಿ ಎಳೆದು ಸುಟ್ಟುಹೋಗಿತ್ತು. ಇದೂ ಅದೇ. ಉದ್ದನೆಯ ತಿರುವಿನಲ್ಲಿ ಜೋರಾಗಿ ಹೋದಾಗ ಎಣ್ಣೆಯೆಲ್ಲ ತೊಟ್ಟಿಯ ಒಂದು ಪಕ್ಕಕ್ಕೆ ಓಡುತ್ತದೆ. ಎಣ್ಣೆ ಕಡಮೆಯಿದ್ದರೆ ಎಳೆಯುವ ಕೊಳವೆಯ ಬಾಯಿ ತೆರೆದುಕೊಂಡು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಲೋಹ ಲೋಹಕ್ಕೆ ತಾಗುತ್ತದೆ. ಒಂದೆರಡು ಕ್ಷಣ ಸಾಕು. ಆಮೇಲೆ ನೇರ ದಾರಿಯಲ್ಲಿ ದೀಪ ಆರಿದರೂ ಆದ ಗಾಯ ಆಗಿಯೇ ಇರುತ್ತದೆ. ರೇಸಿಗೆಂದೇ ಕಟ್ಟಿದ ಅನೇಕ ಕಾರುಗಳಲ್ಲಿ ಇದಕ್ಕಾಗಿ ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಡುವ ಏರ್ಪಾಡಿರುತ್ತದೆ. ನಿಮ್ಮ ಕಾರು ಆಫೀಸಿಗೆ ಹೋಗಲು ಮಾಡಿದ್ದು, ಅದರಲ್ಲಿ ಅದಿಲ್ಲ. ದುಡ್ಡು ಸುರಿದು ಒಳ್ಳೆಯ ಹಿಡಿತದ ಟೈರು ಹಾಕಿಸಿಕೊಳ್ಳುತ್ತೀರಲ್ಲ, ಅದರಿಂದ ತಿರುವಿನಲ್ಲಿ ಇನ್ನೂ ಜೋರಾಗಿ ಹೋಗಬಹುದು, ಎಣ್ಣೆ ಇನ್ನೂ ದೂರ ಓಡುತ್ತದೆ. ಟೈರು ಬದಲಿಸಿದವರು ಎಣ್ಣೆಯ ಕಡೆ ಇನ್ನಷ್ಟು ನೋಡಬೇಕು.

ಆದ್ದರಿಂದ ಟ್ರ್ಯಾಕಿಗೆ ಹೋಗುವಾಗ ಅಳತೆಯ ಕಡ್ಡಿಯ ಮೇಲಿನ ಗೆರೆಯ ಹತ್ತಿರಕ್ಕೇ ಎಣ್ಣೆಯಿರಬೇಕು. ಬಹುತೇಕ ಕಾರುಗಳಲ್ಲಿ ಕೆಳಗಿನ ಗೆರೆಗೂ ಮೇಲಿನದಕ್ಕೂ ಸುಮಾರು ಒಂದು ಲೀಟರಿನ ವ್ಯತ್ಯಾಸ. ಊರೊಳಗೆ ಓಡಿಸಲು ನಡುವೆ ಇದ್ದರೂ ನಡೆದೀತು, ಟ್ರ್ಯಾಕಿಗೆ ನಡೆಯದು. ಹಾಗೆಂದು, ಇನ್ನಷ್ಟು ಇರಲಿ ಎಂದು ಗೆರೆಯ ಮೇಲೆ ಹುಯ್ಯಬೇಡಿ. ತಿರುಗುವ ಅಚ್ಚು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಿಂದ ಬೇರಿಂಗಿಗೆ ರಕ್ಷಣೆಯಿಲ್ಲ. ಪ್ರತಿ ಸರದಿಯ ನಂತರ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಐದಾರು ನಿಮಿಷ ಕೊಟ್ಟು ಕಡ್ಡಿ ನೋಡಿ. ಅಷ್ಟು ವೇಗದಲ್ಲಿ ಸೋರಿಕೆಯೇ ಇಲ್ಲದ ಇಂಜಿನ್ನೂ ಒಂದಿಷ್ಟು ಎಣ್ಣೆ ಕುಡಿಯುತ್ತದೆ. ಡಿಕ್ಕಿಯಲ್ಲಿ ಅದೇ ದರ್ಜೆಯ ಎಣ್ಣೆಯ ಒಂದು ಲೀಟರು ಡಬ್ಬಿ ಇರಲಿ. ಅಜ್ಜನ ಗಾಡಿಯ ಕೆಳಗೂ ಕೀಲೆಣ್ಣೆಯ ಬಿದಿರಿನ ಕೊಳವೆ ತೂಗಾಡುತ್ತಿತ್ತು.

ಬಾಣಲೆಯ ಪಾಠ ಇನ್ನೊಂದಿದೆ. ಸಂಡಿಗೆ ಕರಿದು ಒಲೆ ಆರಿಸಿ, ಬಿಸಿ ಬಾಣಲೆಯನ್ನು ಹಾಗೇ ಬಿಟ್ಟರೆ ಅಂಚಿನಲ್ಲಿ ಉಳಿದ ಎಣ್ಣೆ ಕರಕಲಾಗಿ ಅಂಟಿಕೊಳ್ಳುತ್ತದೆ. ಬೂದಿ ಹಾಕಿ ತಿಕ್ಕಿದರೂ ಬಿಡದು. ಜೋರಾಗಿ ಓಡಿಸಿ ಬಂದ ತಕ್ಷಣ ಇಂಜಿನ್ ಆರಿಸಿದರೆ ಟರ್ಬೊದೊಳಗೆ ಆಗುವುದು ಇದೇ. ಎಣ್ಣೆಯ ಹರಿವು ನಿಂತಿತು, ಟರ್ಬೊ ಇನ್ನೂ ಕೆಂಡದಂತಿದೆ, ಒಳಗೆ ಸಿಕ್ಕ ಎಣ್ಣೆ ಸುಟ್ಟು ಕರಿಯಾಗಿ ಸಣ್ಣ ದಾರಿಗಳನ್ನು ಕಟ್ಟುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಇಂಜಿನ್ ಆರಿದ ಮೇಲೂ ಟರ್ಬೊ ಸುತ್ತ ನೀರು ಹರಿಸುವ ಏರ್ಪಾಡಿದೆ, ಅದು ನೆರವಾಗುತ್ತದೆ. ಆದರೂ ಕೊನೆಯ ಸುತ್ತನ್ನು ಮೆಲ್ಲಗೆ, ಮೇಲಿನ ಗೇರಿನಲ್ಲಿ, ಬ್ರೇಕಿಗೂ ಹೆಚ್ಚು ಕೆಲಸ ಕೊಡದೆ ಮುಗಿಸಿ ಬಂದು ಒಂದೆರಡು ನಿಮಿಷ ಇಂಜಿನ್ ಓಡಲು ಬಿಟ್ಟು ಆಮೇಲೆ ಆರಿಸಿ. ಟೀ ಎಲ್ಲಿಗೂ ಓಡಿಹೋಗುವುದಿಲ್ಲ.

ಇಲ್ಲೊಂದು ಗೊಂದಲ ಬೇಡ. ಕೆಂಪು ಎಣ್ಣೆ ದೀಪ ಹತ್ತಿದರೆ ಈ ಮೆಲ್ಲಗಿನ ಸುತ್ತಿನ ಮಾತೇ ಇಲ್ಲ. ಹಳದಿ ಬಣ್ಣದ್ದು ಸಾಮಾನ್ಯವಾಗಿ ಮಟ್ಟ ಇಳಿದಿದೆ ಎನ್ನುವುದಕ್ಕೆ. ಕೆಂಪು ಒತ್ತಡ ಬಿದ್ದಿದೆ ಎನ್ನುವುದಕ್ಕೆ. ಕೆಂಪು ಕಂಡ ಕೂಡಲೇ ಕಾಲು ತೆಗೆದು, ಎಲ್ಲರೂ ಓಡಿಸುವ ಗೆರೆಯಿಂದ ಪಕ್ಕಕ್ಕೆ ಸರಿದು, ಮಾರ್ಷಲ್ ಇರುವ ಕಡೆ ನಿಲ್ಲಿಸಿ, ಆಗಲೇ ಇಂಜಿನ್ ಆರಿಸಬೇಕು. ಹೇಗಾದರೂ ಪಿಟ್‌ವರೆಗೆ ತಲುಪುತ್ತೇನೆ ಎಂದು ಎಳೆದುಕೊಂಡು ಹೋದರೆ ಇಂಜಿನ್ನೂ ಹೋಯಿತು. ಸೋರುತ್ತಿದ್ದರೆ ದಾರಿಯುದ್ದಕ್ಕೂ ಎಣ್ಣೆ ಚೆಲ್ಲಿ ಹಿಂದೆ ಬರುವವರನ್ನೂ ಜಾರಿಸಿದ ಹಾಗಾಯಿತು. ಕಪ್ಪು ಬಾವುಟದ ನಡುವೆ ಕಿತ್ತಳೆ ಬಣ್ಣದ ದುಂಡು ತೋರಿಸಿದರೆ, ನಿಮ್ಮ ಕಾರಿನಲ್ಲೇ ಏನೋ ಕೆಟ್ಟಿದೆ ಎಂದು ಅವರು ಕಂಡಿದ್ದಾರೆ ಎಂದರ್ಥ. ಅವಮಾನವೆಂದುಕೊಳ್ಳಬೇಡಿ.

ಬಿಸಿಯ ಬಗ್ಗೆ ನನಗಿದ್ದ ತಪ್ಪು ತಿಳಿವಳಿಕೆ ನಿಮ್ಮಲ್ಲೂ ಇರಬಹುದು. ಫಲಕದ ಮೇಲೆ ಮಧ್ಯದಲ್ಲಿ ನಿಂತಿರುವ ಮುಳ್ಳು ನೀರಿನದು, ಎಣ್ಣೆಯದಲ್ಲ. ಬೆಳಿಗ್ಗೆ ನೀರು ಬಿಸಿಯಾಗಿ ಎಷ್ಟೋ ಹೊತ್ತಿನ ಮೇಲೆ ಎಣ್ಣೆ ಬಿಸಿಯಾಗುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲೇ ಕಾಲೂರಬೇಡಿ. ಮಧ್ಯಾಹ್ನ ನೀರು ಸರಿಯಾಗಿದ್ದರೂ ಎಣ್ಣೆ ಕುದಿಯುತ್ತಿರಬಹುದು. ಕೆಲವು ಕಾರುಗಳು ಪರದೆಯ ಮೇಲೆ ಎಣ್ಣೆಯ ಬಿಸಿಯನ್ನೂ ತೋರಿಸುತ್ತವೆ, ಹುಡುಕಿ ನೋಡಿ. 100 ಡಿಗ್ರಿಯ ಆಸುಪಾಸು ಸಹಜ. 130 ದಾಟಿದರೆ ನಮ್ಮ ಮನೆಯಲ್ಲಿ ಆ ಸರದಿ ಮುಗಿದಂತೆ. ಅಪ್ಪ ಮಗಳು ಏನು ವಾದಿಸಿದರೂ ಅಷ್ಟೇ. ಬಾಣಲೆಯಲ್ಲಿ ಕಾದ ಎಣ್ಣೆ ನೀರಿನಂತೆ ತೆಳ್ಳಗೆ ಓಡುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಡಬ್ಬಿಯ ಮೇಲಿನ 5ಡಬ್ಲ್ಯು-30, 5ಡಬ್ಲ್ಯು-40 ಎಂಬ ಬರಹದಲ್ಲಿ ಡಬ್ಲ್ಯು ಎಂದರೆ ವಿಂಟರ್. ಮೊದಲ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂದು, ಎರಡನೆಯದು ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆಂದು ಹೇಳುತ್ತದೆ. ನಿಮ್ಮ ಕಾರಿನ ಪುಸ್ತಕ ಎರಡು ಮೂರು ದರ್ಜೆಗಳಿಗೆ ಒಪ್ಪಿದ್ದರೆ, ಚೆನ್ನೈ ಬಿಸಿಲಿನ ಟ್ರ್ಯಾಕಿಗೆ ಅದರಲ್ಲಿ ಎರಡನೆಯ ಅಂಕೆ ದೊಡ್ಡದಿರುವುದನ್ನು ಆರಿಸಿ. ಪುಸ್ತಕ ಒಪ್ಪದ್ದನ್ನು ಸ್ನೇಹಿತರ ಮಾತು ಕೇಳಿ ಹಾಕಬೇಡಿ. 10,000 ಅಥವಾ 15,000 ಕಿಲೋಮೀಟರಿಗೊಮ್ಮೆ ಬದಲಿಸಿ ಎಂಬುದು ಸಾಧಾರಣ ಓಡಾಟದ ಮಾತು. ಕಠಿಣ ಬಳಕೆಗೆ ಬೇಗ ಬದಲಿಸಿ ಎಂದು ಸಣ್ಣಕ್ಷರದಲ್ಲಿ ಬೇರೆ ಕಡೆ ಬರೆದಿರುತ್ತಾರೆ. ನಾವೀಗ ಎರಡು ಟ್ರ್ಯಾಕ್ ಡೇಗೊಮ್ಮೆ ಎಣ್ಣೆ, ಫಿಲ್ಟರು, ಆ ವಾಷರು ಮೂರನ್ನೂ ಬದಲಿಸುತ್ತೇವೆ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡುವುದೂ ಉಂಟು. ಪೆಟ್ರೋಲು ವಾಸನೆ ಜೋರಾಗಿದ್ದರೆ, ಎಣ್ಣೆಗೆ ಪೆಟ್ರೋಲು ಸೇರಿ ಅದು ನೀರಾಗಿದೆ. ಹತ್ತಿರ ಹತ್ತಿರ ಓಡಾಡುವ ಟರ್ಬೊ ಕಾರುಗಳಲ್ಲಿ ಇದು ಅಪರೂಪವಲ್ಲ. ಆಗ ಕಡ್ಡಿಯಲ್ಲಿ ಮಟ್ಟ ಸರಿಯಾಗಿಯೇ ಕಂಡು ಮೋಸ ಮಾಡುತ್ತದೆ. ಖಾಲಿ ಡಬ್ಬಿಯನ್ನು ಹಳೇ ಸಾಮಾನಿನವನಿಗೆ ಹಾಗೇ ಕೊಡಬೇಡಿ, ತೂತು ಮಾಡಿ ಕೊಡಿ. ಅದೇ ಡಬ್ಬಿಗೆ ಕಳ್ಳ ಎಣ್ಣೆ ತುಂಬಿ ಮಾರುವವರಿದ್ದಾರೆ. ಹಳೆಯ ಎಣ್ಣೆಯಂತೂ ಮೋರಿಗೆ ಬೇಡ, ವರ್ಕ್‌ಶಾಪಿನಲ್ಲೇ ಬಿಟ್ಟು ಬನ್ನಿ.

ಮಗಳು ಒಂದು ವರ್ಷ ಟ್ರ್ಯಾಕಿನ ಕಡೆ ತಲೆ ಹಾಕಲಿಲ್ಲ. 2024ರಲ್ಲಿ ಮತ್ತೆ ಶುರು ಮಾಡಿದಳು, ಈ ಸಲ ನನ್ನನ್ನೂ ಕರೆದುಕೊಂಡು. ಹಿಂದಿನ ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸುತ್ತೇನೆ (ಸಂಘದ ಪತ್ರಿಕೆಯನ್ನಲ್ಲ, ಸಂಪಾದಕರು ಗಾಬರಿಯಾಗಬಾರದು). ಬೆಳಿಗ್ಗೆ ಐದಕ್ಕೆ ಟಾರ್ಚು ಹಿಡಿದು ಇಬ್ಬರೂ ಅದನ್ನು ಓದುತ್ತೇವೆ. ಒಂದು ತೊಟ್ಟು ಕಂಡರೂ ಆ ದಿನ ಪ್ರಯಾಣವಿಲ್ಲ. ಒಮ್ಮೆ ಹಾಗೇ ಹಿಂದಿರುಗಿದ್ದೂ ಆಗಿದೆ, ಕಟ್ಟಿದ ಫೀಸೂ ಹೋಯಿತು. ಟ್ರ್ಯಾಕಿನಲ್ಲಿ ಕಡ್ಡಿ ಎಳೆಯುವವಳು ನಾನು. ಮೊದಲ ಸಲ ಸೀರೆಯುಟ್ಟವಳು ಬಾನೆಟ್ಟಿನ ಕೆಳಗೆ ಬಗ್ಗಿದ್ದನ್ನು ಕಂಡು ಪಕ್ಕದ ಹುಡುಗರು ನಕ್ಕರು. ಮೂರನೆಯ ಸಲ, "ಆಂಟಿ, ನಮ್ಮದೂ ಒಮ್ಮೆ ನೋಡುತ್ತೀರಾ?" ಎಂದು ಬಂದರು. ನೋಡಿದರೆ, ಒಬ್ಬನದು ಕೆಳಗಿನ ಗೆರೆಗಿಂತಲೂ ಕೆಳಗಿತ್ತು.

ಕಡ್ಡಿ ಒರೆಸಲು ಟಿಶ್ಯೂ ಕಾಗದ ಬೇಡ, ಅದರ ಎಳೆ ಉದುರಿ ಕಡ್ಡಿಗೆ ಅಂಟುತ್ತದೆ. ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆಯ ತುಂಡೇ ಸರಿ. ನಿಮ್ಮ ಮನೆಯಲ್ಲಿ ಅಂಥದ್ದು ಇಲ್ಲದಿದ್ದರೆ ಯುಗಾದಿ ಕಾರ್ಯಕ್ರಮಕ್ಕೆ ಬಂದಾಗ ನನ್ನನ್ನು ಕೇಳಿ, ಒಂದು ಗಂಟು ತಂದಿರುತ್ತೇನೆ.